ಕಾಪುವಿನ ದೀಪಕ್ಕೆ ಒಂದು ಪೂರ್ತಿ ಸಂಜೆ ಕೊಡಿ

ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿಮುಂಬೈಯಲ್ಲಿ ನೆಲೆಸಿರುವ, ರಜೆ ಬಂತೆಂದರೆ ಊರಿಗೆ ಹೊರಡುವ ಕರಾವಳಿಯ ತಂದೆತಾಯಂದಿರಿಗೆ, ಠಾಣೆಯ ವಾಗ್ಳೆ ಎಸ್ಟೇಟಿನಿಂದ.

ಮಾನ್ಯರೇ,

ಮುಂದಿನ ಸಲ ಊರಿಗೆ ಹೋದಾಗ ಕಾಪುವಿನ ದೀಪಸ್ತಂಭಕ್ಕೆ ಒಂದು ಸಂಜೆಯನ್ನು ಪೂರ್ತಿಯಾಗಿ ಮೀಸಲಿಡಿ. ಮಕ್ಕಳನ್ನು ಕರೆದುಕೊಂಡು ಹೋಗಿ, ದೀಪ ಹೊತ್ತಿಕೊಳ್ಳುವವರೆಗೆ ಅಲ್ಲೇ ಕೂರಿ. ನಾನು ನಿಮ್ಮಲ್ಲಿ ಮುಖ್ಯವಾಗಿ ಬೇಡುವುದು ಇಷ್ಟೇ.

ಇದೇನು ದೊಡ್ಡ ವಿಷಯ ಎಂದು ನಿಮಗೆ ಅನಿಸಬಹುದು. ಆದರೆ ನಮ್ಮ ರಜೆಗಳು ಹೇಗೆ ಕಳೆದುಹೋಗುತ್ತವೆ ಎಂಬುದನ್ನು ನೀವೂ ಬಲ್ಲಿರಿ. ರೈಲಿಳಿದ ದಿನವೇ ಒಂದು ಮೆಹೆಂದಿ, ಮರುದಿನ ಮದುವೆ, ಆಮೇಲೆ ತರವಾಡು ಮನೆಯಲ್ಲಿ ತಂಬಿಲ, ನೇಮ, ಯಾವುದೋ ದೇವಸ್ಥಾನದ ಬ್ರಹ್ಮಕಲಶ. ಒಂದು ಹಾಲಿನಿಂದ ಇನ್ನೊಂದು ಹಾಲಿಗೆ ಓಡುವ ದಾರಿಯಲ್ಲಿ ಕಾಪು ಸಿಗುತ್ತದೆ. ಹೆದ್ದಾರಿಯಿಂದ ಕಾರು ಕಡಲಿನ ಕಡೆ ತಿರುಗುತ್ತದೆ. ಬಂಡೆಯ ಮುಂದೆ ಎಲ್ಲರೂ ಸಾಲಾಗಿ ನಿಂತು ಫೋಟೊ, ಮಕ್ಕಳಿಗೊಂದು ಗಡ್‌ಬಡ್ ಐಸ್‌ಕ್ರೀಂ, ಮತ್ತೆ ಕಾರು. ಸೂರ್ಯ ಮುಳುಗುವ ಮೊದಲೇ ಹೊರಟುಬಿಡುತ್ತೇವೆ, ಏಕೆಂದರೆ ರಾತ್ರಿ ಇನ್ನೊಬ್ಬರ ಮನೆಯಲ್ಲಿ ಊಟಕ್ಕೆ ಕಾಯುತ್ತಿದ್ದಾರೆ.

ನಮ್ಮ ಕಟ್ಟಡದ ಮಕ್ಕಳಲ್ಲಿ ಕಾಪುವಿನ ಬಗ್ಗೆ ಕೇಳಿ ನೋಡಿದ್ದೇನೆ. ಮೊಬೈಲ್ ತೆಗೆದು ಚಿತ್ರ ತೋರಿಸುತ್ತಾರೆ. ಎಲ್ಲರ ಚಿತ್ರದಲ್ಲೂ ಅದೇ ಬಂಡೆ, ಅದೇ ಗೋಪುರ, ಮುಂದೆ ಅವರ ಮುಖ. ಅದನ್ನು ಕಟ್ಟಿದ್ದು ಯಾತಕ್ಕೆ ಎಂದರೆ ಉತ್ತರ ಬರುವುದಿಲ್ಲ. ಓದಿನಲ್ಲಿ ಬಹಳ ಚುರುಕಾದ ಹುಡುಗನೊಬ್ಬ, "ಮೇಲೆ ಹತ್ತಿ ಸೀನರಿ ನೋಡಲಿಕ್ಕೆ ಅಲ್ವಾ ಅಂಕಲ್?" ಎಂದ. ಅವನ ಮುತ್ತಜ್ಜ ಹಡಗಿನಲ್ಲಿ ಮುಂಬೈಗೆ ಬಂದವರು. ಆ ಹಡಗಿಗೆ ದಾರಿ ಹೇಳಿದ ದೀಪಗಳಲ್ಲಿ ಕಾಪುವಿನದೂ ಒಂದು. ಇದನ್ನು ಆ ಹುಡುಗನಿಗೆ ಯಾರೂ ಹೇಳಿಲ್ಲ. ಮಕ್ಕಳಿಗೆ ಗೊತ್ತಿಲ್ಲ ಎಂದು ಬೇಸರಪಡುವ ಹಕ್ಕು ನಮಗೆ ಬರಬೇಕಾದರೆ ಮೊದಲು ನಾವು ಹೇಳಿರಬೇಕು.

ಕಾಪುವಿನ ದೀಪಸ್ತಂಭ ಕಟ್ಟಿದ್ದು 1901ರಲ್ಲಿ. ಕಡಲಂಚಿನ ಕರಿಬಂಡೆಯ ಮೇಲೆ ಸುಮಾರು 27 ಮೀಟರ್ ಎತ್ತರದ ಗೋಪುರ. ಅದರ ಮರುವರ್ಷ, 1902ರಲ್ಲಿ, ಮುಂಬೈಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿತು. ಈ ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಊರಿನ ಬಂಡೆಯ ಮೇಲೆ ದೀಪ ಹತ್ತುವ ಹೊತ್ತಿಗಾಗಲೇ ನಮ್ಮ ಕರಾವಳಿಯವರು ಮುಂಬೈಯಲ್ಲಿ ತಮ್ಮದೊಂದು ಸಂಸ್ಥೆ ಕಟ್ಟಿಕೊಳ್ಳುವಷ್ಟು ಬೇರೂರಿದ್ದರು. ಅವರು ಬಂದದ್ದು ಹೇಗೆ? ಕರಾವಳಿಯುದ್ದಕ್ಕೂ ರೈಲಿರಲಿಲ್ಲ. ಘಟ್ಟ ಹತ್ತಿ ಸುತ್ತಿಕೊಂಡು ಹೋಗುವ ದಾರಿ ಬಲು ದೂರ, ನಡುವೆ ದಾಟಬೇಕಾದ ಹೊಳೆಗಳಿಗೆ ಲೆಕ್ಕವಿಲ್ಲ. ಆಗ ಕಡಲೇ ನಮ್ಮ ಹೆದ್ದಾರಿ. ಮೊದಲು ಹಾಯಿ ಕಟ್ಟಿದ ಮಂಜಿಗಳಲ್ಲಿ, ಆಮೇಲೆ ಉಗಿಹಡಗಿನ ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು ಬಂದರು. ಮಳೆಗಾಲದಲ್ಲಿ ಕರಾವಳಿಯ ಹಡಗುಗಳ ಓಡಾಟ ನಿಲ್ಲುತ್ತಿತ್ತು. ಬರುವವರು ಮಳೆ ಹಿಡಿಯುವ ಮೊದಲು ಬರಬೇಕು, ಇಲ್ಲವೇ ಮಳೆ ತೀರುವವರೆಗೆ ಊರಲ್ಲೇ ಕಾಯಬೇಕು.

ನನ್ನ ದೊಡ್ಡಪ್ಪ ಹಾಗೆ ಬಂದವರು. ದೊಡ್ಡ ಹಡಗು ದಡಕ್ಕೆ ಬರುತ್ತಿರಲಿಲ್ಲವಂತೆ, ಮಲ್ಪೆಯಿಂದ ಸಣ್ಣ ದೋಣಿಯಲ್ಲಿ ಹೋಗಿ, ಅಲೆಯ ಮೇಲೆ ಏರಿಳಿಯುವ ದೋಣಿಯಿಂದ ಹಡಗಿನ ಏಣಿ ಹಿಡಿಯಬೇಕಿತ್ತು. ಹನ್ನೆರಡೋ ಹದಿಮೂರೋ ವರ್ಷದ ಹುಡುಗ, ಕೈಯಲ್ಲಿ ಒಂದು ಬಟ್ಟೆಯ ಗಂಟು, ಗಂಟಿನಲ್ಲಿ ಅವಲಕ್ಕಿ, ಬೆಲ್ಲ. ಕತ್ತಲಾದಾಗ ಹಿಂದೆ ದಕ್ಷಿಣದಲ್ಲಿ ಕಾಪುವಿನ ಬೆಳಕು ಮಿನುಗುತ್ತಿತ್ತು. ಅದು ಕಾಣುವವರೆಗೆ ತಾನಿನ್ನೂ ಊರಿನಲ್ಲೇ ಇದ್ದೇನೆ ಎನಿಸುತ್ತಿತ್ತಂತೆ. ಅದೂ ಮರೆಯಾದಾಗ ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಹಿರಿಯ ಖಲಾಸಿಯೊಬ್ಬ, "ಎದುರು ನೋಡು ಮಗ, ಒಂದು ಹೋದರೆ ಇನ್ನೊಂದು ಬರುತ್ತದೆ" ಎಂದನಂತೆ. ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ, ರಾತ್ರಿ ಪಾತ್ರೆ ತೊಳೆದು ಕವುಚಿಟ್ಟ ಮೇಲೆ, ದೊಡ್ಡಪ್ಪ ಈ ಕತೆ ಹೇಳುತ್ತಿದ್ದರು. ಹಗಲು ಕ್ಯಾಂಟೀನ್, ರಾತ್ರಿ ಕನ್ನಡ ಶಾಲೆ ಎಂದು ಬದುಕುತ್ತಿದ್ದ ನಮ್ಮಂಥ ಹುಡುಗರು ಅದನ್ನು ಮತ್ತೆ ಮತ್ತೆ ಹೇಳಿಸಿಕೊಂಡು ಕೇಳಿದೆವು. ನಾವೂ ಆಗಷ್ಟೇ ಊರು ಬಿಟ್ಟು ಬಂದವರು.

ಖಲಾಸಿ ಹೇಳಿದ್ದು ಬರೀ ಸಮಾಧಾನದ ಮಾತಾಗಿರಲಿಲ್ಲ, ಅದು ಕಡಲಿನ ಲೆಕ್ಕ. ಉತ್ತರಕ್ಕೆ ಸಾಗುವ ಹಡಗಿಗೆ ಭಟ್ಕಳದ ಗುಡ್ಡದ ದೀಪ, ಕಾರವಾರದೆದುರಿನ ದೇವಗಡ ದ್ವೀಪದಲ್ಲಿ ಆಯ್ಸ್ಟರ್ ರಾಕ್ ದೀಪ, ಗೋವೆಯಲ್ಲಿ 1864ರ ಅಗ್ವಾದ, ಮುಂದೆ ವೆಂಗುರ್ಲೆಯ ಬಂಡೆಗಳು, ರತ್ನಾಗಿರಿಯ ಕೋಟೆ, ಅಲಿಬಾಗಿನ ಹತ್ತಿರ ಖಾಂದೇರಿ ದ್ವೀಪದಲ್ಲಿ 1867ರಿಂದ ಬೆಳಗುತ್ತಿರುವ ದೀಪ. ಕೊನೆಗೆ ಕೊಲಾಬಾ ತುದಿಯಾಚೆ, ಭರತದಲ್ಲಿ ಮುಳುಗಿ ಇಳಿತದಲ್ಲಿ ತಲೆಯೆತ್ತುವ ಬಂಡೆಸಾಲಿನ ಮೇಲೆ, ಇಂಜಿನಿಯರ್ ಥಾಮಸ್ ಆರ್ಮಿಸ್ಟನ್ 1875ರಲ್ಲಿ ಕಟ್ಟಿ ಮುಗಿಸಿದ ಪ್ರಾಂಗ್ಸ್ ದೀಪಸ್ತಂಭ. ಅದು ಕಂಡಿತೆಂದರೆ ಮುಂಬೈ ಬಂತು. ನಮ್ಮ ಹಿರಿಯರು ಊರಿನಿಂದ ಈ ಮಹಾನಗರಕ್ಕೆ ಹೀಗೆ ದೀಪದಿಂದ ದೀಪಕ್ಕೆ ಬಂದರು.

1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದುಕೊಂಡಿತು. ಅದಕ್ಕೆ ಮೊದಲು ಒಂದು ಹಗಲು ಒಂದು ರಾತ್ರಿಗೂ ಮಿಕ್ಕಿ ಬಸ್ಸಿನಲ್ಲಿ ಕೂತು ಬಂದಿರುವ ನನ್ನಂಥವರು ಆ ರೈಲಿಗೆ ಕೈಮುಗಿಯುತ್ತೇವೆ. ಮಧ್ಯಾಹ್ನ ಠಾಣೆಯಲ್ಲಿ ಮತ್ಸ್ಯಗಂಧ ಹತ್ತಿದರೆ ಬೆಳಿಗ್ಗೆ ಉಡುಪಿ. ಆದರೆ ರೋಹಾದಿಂದ ತೋಕೂರಿನವರೆಗಿನ ಆ 741 ಕಿಲೋಮೀಟರ್ ಹಳಿ ಹೋಗುವುದು ಕಡಲಿನಿಂದ ಒಳಗೆ, ಗುಡ್ಡಗಳ ನಡುವೆ, ತೊಂಬತ್ತಕ್ಕೂ ಹೆಚ್ಚು ಸುರಂಗಗಳ ಮೂಲಕ. ಹೆಚ್ಚಿನ ದಾರಿ ಕಳೆಯುವುದೂ ನಿದ್ದೆಯಲ್ಲಿ. ದೀಪಗಳ ಸಾಲು ಹೊರಗೆ ಪಡುವಣದಲ್ಲಿ ಬೆಳಗುತ್ತಲೇ ಇರುತ್ತದೆ, ಅದು ನಮ್ಮ ಮಕ್ಕಳ ಕಣ್ಣಿಗೆ ಬೀಳುವುದಿಲ್ಲ. ಅದಕ್ಕಾಗಿಯೇ ಕಾರಿನಿಂದ ಇಳಿಸಿ, ಕೈಹಿಡಿದು ತೋರಿಸಬೇಕಾಗಿದೆ.

ವಾಗ್ಳೆ ಎಸ್ಟೇಟಿನಲ್ಲಿ ಇದ್ದುಕೊಂಡು ನಾನಿದನ್ನು ಒತ್ತಿ ಹೇಳಲು ಒಂದು ಕಾರಣವಿದೆ. 1962ರ ಆಗಸ್ಟ್ 1ರಂದು ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ಉದ್ಘಾಟನೆ ನಡೆದದ್ದು ಇಲ್ಲಿ. ಈ ಕಾರ್ಖಾನೆಗಳ ಸುತ್ತ ಎಷ್ಟು ಉಡುಪಿ ಹೋಟೆಲುಗಳು, ಎಷ್ಟು ಕ್ಯಾಂಟೀನುಗಳು ಎದ್ದವು, ಎಷ್ಟು ಮನೆಗಳಿಗೆ ಊರಿನಲ್ಲಿ ಹೆಂಚು ಬಂತು ಎಂಬುದು ನಿಮಗೆ ಗೊತ್ತು. ಇಂದು ಪಾಳಿಯ ಭೋಂಗಾ ಕೇಳಿಸುವುದು ಅಪರೂಪ. ಶೆಡ್ಡುಗಳಿದ್ದಲ್ಲಿ ಗಾಜಿನ ಐಟಿ ಕಟ್ಟಡಗಳು ನಿಂತಿವೆ. ನನ್ನ ದೊಡ್ಡಪ್ಪ ದುಡಿದ ಕ್ಯಾಂಟೀನಿನ ಜಾಗವನ್ನು ಮಕ್ಕಳಿಗೆ ತೋರಿಸೋಣವೆಂದರೆ ಅಲ್ಲಿ ತೋರಿಸಲು ಒಂದು ಗೋಡೆಯೂ ಉಳಿದಿಲ್ಲ. ನಮ್ಮ ವಲಸೆಯ ಈ ಕಡೆಯ ಗುರುತುಗಳು ನಮ್ಮ ಕಣ್ಣೆದುರೇ ಅಳಿಸಿಹೋಗುತ್ತಿವೆ. ಆ ಕಡೆಯದೊಂದು ಮಾತ್ರ ನೂರ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಉಪ್ಪುಗಾಳಿಗೆ ಮೈಯೊಡ್ಡಿ ನಿಂತಿದೆ, ಇಂದಿಗೂ ಕೆಲಸ ಮಾಡುತ್ತಿದೆ.

ಇನ್ನು, ಹೋದ ಮೇಲೆ ಮಕ್ಕಳ ಜೊತೆ ಏನು ಮಾಡಬೇಕು ಎಂದು ನೀವು ಕೇಳಬಹುದು. ಗೋಪುರದ ಮೇಲೆ ಬಿಡುವುದು ಸಂಜೆಯ ಸೀಮಿತ ಹೊತ್ತು ಮಾತ್ರ, ಆದ್ದರಿಂದ ಸಮಯವನ್ನು ಊರಿನವರಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಹತ್ತುವ ಮೊದಲು ಮಗುವನ್ನು ಅಲೆಯ ಅಂಚಿನ ಮರಳಲ್ಲಿ ನಿಲ್ಲಿಸಿ, ಕಡಲು ಎಲ್ಲಿಯವರೆಗೆ ಕಾಣುತ್ತದೆ ಎಂದು ಕೇಳಿ. ಕಣ್ಣು ನೀರಿನ ಮಟ್ಟದಿಂದ ಎಷ್ಟು ಮೀಟರ್ ಮೇಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 1.2 ಮೀಟರ್ ಎತ್ತರದಲ್ಲಿ ಕಣ್ಣಿರುವ ಮಗುವಿಗೆ ಕಾಣುವುದು ನಾಲ್ಕು ಕಿಲೋಮೀಟರಿಗೂ ಕಡಿಮೆ. ಅದೇ ಮಗು 27 ಮೀಟರ್ ಮೇಲೇರಿದರೆ ಸುಮಾರು 19 ಕಿಲೋಮೀಟರ್, ಬಂಡೆಯ ಎತ್ತರ ಸೇರಿಸಿದರೆ ಇನ್ನೂ ಹೆಚ್ಚು. ಭೂಮಿ ಗುಂಡಗಿದೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದನ್ನು ಮಗು ಅಲ್ಲಿ ಕಣ್ಣಾರೆ ನೋಡುತ್ತದೆ. ದೀಪವನ್ನು ಅಷ್ಟು ಎತ್ತರದಲ್ಲಿ ಇಟ್ಟದ್ದು ಯಾಕೆ ಎಂಬುದನ್ನು ಆಮೇಲೆ ನೀವು ಹೇಳಬೇಕಾಗಿಲ್ಲ, ಅದೇ ಹೇಳುತ್ತದೆ.

ದೀಪದ ಯಂತ್ರದ ಕತೆಯನ್ನೂ ಹೇಳಿ. ಹಳೆಯ ದೀಪಸ್ತಂಭಗಳಲ್ಲಿ ಉರಿಯುತ್ತಿದ್ದುದು ಎಣ್ಣೆಯ ಜ್ವಾಲೆ. ಅಷ್ಟು ಸಣ್ಣ ಬೆಂಕಿ ಮೂವತ್ತು ನಲವತ್ತು ಕಿಲೋಮೀಟರ್ ದೂರದ ಹಡಗಿಗೆ ಕಾಣುವಂತೆ ಮಾಡಿದವನು ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್. ಸುತ್ತಲೂ ಗಾಜಿನ ಪಟ್ಟಕಗಳನ್ನು ಉಂಗುರ ಉಂಗುರವಾಗಿ ಜೋಡಿಸಿ, ಎತ್ತೆತ್ತಲೋ ಚದುರಿಹೋಗುವ ಬೆಳಕನ್ನು ಒಂದೇ ದಿಕ್ಕಿಗೆ ಬಾಗಿಸಿ ಕಳಿಸುವ ಮಸೂರ ಅವನದು. 1823ರಲ್ಲಿ ಅದು ಮೊದಲು ಬೆಳಗಿದ್ದು ಫ್ರಾನ್ಸಿನ ಕೊರ್ದುವಾ ದೀಪಸ್ತಂಭದಲ್ಲಿ. ತಿರುಗುವ ಮಸೂರವಿರುವ ಕಡೆ ದೀಪ ಹತ್ತಿ ಆರುವುದಿಲ್ಲ, ಉರಿಯುತ್ತಲೇ ಇರುತ್ತದೆ. ಮಸೂರ ತಿರುಗಿದಂತೆ ಬೆಳಕಿನ ತೊಲೆ ಕಡಲನ್ನು ಸುತ್ತುತ್ತದೆ, ಅದು ನಮ್ಮ ಕಡೆ ಬಂದಾಗಷ್ಟೇ ನಮಗೆ ಮಿನುಗು. ಎಣ್ಣೆಯ ಕಾಲದಲ್ಲಿ ಮಸೂರ ತಿರುಗಿಸುವ ಗಡಿಯಾರದ ಯಂತ್ರಕ್ಕೆ ರಾತ್ರಿಯಿಡೀ ಆಗಾಗ ಕೀಲಿ ಕೊಡಬೇಕಿತ್ತು, ಜ್ವಾಲೆ ಕುಂದದಂತೆ ಕಾಯಬೇಕಿತ್ತು. ಹಗಲಿನಲ್ಲಿ ಸೂರ್ಯನ ಬಿಸಿಲೇ ಮಸೂರದೊಳಗೆ ಹೊಕ್ಕು ಎಲ್ಲಿ ಬೆಂಕಿ ಹೊತ್ತಿಸುತ್ತದೋ ಎಂದು ಪರದೆ ಎಳೆದಿಡುತ್ತಿದ್ದರು. ಈಗ ವಿದ್ಯುತ್ತು ಬಂದಿದೆ. ಆದರೆ ಮುಂಬೈಯ ಹೋಟೆಲುಗಳಲ್ಲಿ ನಮ್ಮವರು ಮುಂಜಾನೆ ನಾಲ್ಕಕ್ಕೆದ್ದು ಒಲೆ ಹಚ್ಚಿದ ದುಡಿಮೆಯನ್ನು ಗೌರವಿಸುವ ಮಗು, ನಿದ್ದೆಗೆಟ್ಟು ಬೆಳಕು ಕಾದ ಆ ಹೆಸರಿಲ್ಲದ ಕಾವಲುಗಾರರನ್ನೂ ಗೌರವಿಸಲು ಕಲಿಯಬೇಕು.

ಕೆಳಗಿಳಿದ ಮೇಲೆ ದಯವಿಟ್ಟು ಹೊರಡಬೇಡಿ. ನನ್ನ ಬೇಡಿಕೆಯ ತಿರುಳು ಇಲ್ಲೇ ಇದೆ. ಕಡಲು ಕಪ್ಪಾಗುವವರೆಗೆ ಮರಳಲ್ಲಿ ಕೂತುಕೊಳ್ಳಿ. ದೀಪ ಹತ್ತಿದಾಗ ಮಗುವಿನ ಕೈಗೆ ಮೊಬೈಲಿನ ಸ್ಟಾಪ್‌ವಾಚ್ ಕೊಡಿ. ಒಂದು ಮಿನುಗಿಗೂ ಇನ್ನೊಂದಕ್ಕೂ ಎಷ್ಟು ಸೆಕೆಂಡು, ಒಂಟಿ ಮಿನುಗೋ ಗುಂಪು ಮಿನುಗೋ, ನಡುವೆ ಎಷ್ಟು ಕತ್ತಲೆ, ಎಲ್ಲವನ್ನೂ ಬರೆದುಕೊಳ್ಳಲಿ. ಅಕ್ಕಪಕ್ಕದ ಎರಡು ದೀಪಸ್ತಂಭಗಳು ಒಂದೇ ಬಗೆಯಲ್ಲಿ ಮಿನುಗುವುದಿಲ್ಲ. ದೋಣಿ ನಡೆಸುವ ತಂಡೇಲ ಮಿನುಗು ಎಣಿಸಿ, ಇದು ಕಾಪು, ಇದು ಸುರತ್ಕಲ್ ಎಂದು ಹೇಳಬಲ್ಲ. ಮರುದಿನ ಸುರತ್ಕಲ್ ಕಡೆ ಹೋಗುವುದಿದ್ದರೆ ಅಲ್ಲಿನ ದೀಪವನ್ನೂ ಎಣಿಸಿ, ಎರಡನ್ನೂ ಹೋಲಿಸಿ ನೋಡಲಿ.

ಜಿಪಿಎಸ್ ಇರುವಾಗ ಇದೆಲ್ಲ ಯಾಕೆ ಎಂದು ದೊಡ್ಡ ಮಕ್ಕಳು ಕೇಳುತ್ತಾರೆ. ಕೇಳಲಿ. ಉಪಕರಣ ಕೈಕೊಟ್ಟ ರಾತ್ರಿ ಕಣ್ಣಿಗೆ ಕಾಣುವ ಬೆಳಕೊಂದೇ ಸಾಕ್ಷಿ ಎಂದು ಮೀನುಗಾರರೇ ಹೇಳುತ್ತಾರೆ. ಕಡಲು ಇಂದಿಗೂ ಪಳಗಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಎಂಬ ಮೀನುಗಾರಿಕಾ ದೋಣಿ ಏಳು ಮಂದಿಯೊಂದಿಗೆ ಕಣ್ಮರೆಯಾಯಿತು. ಅದರ ಅವಶೇಷವನ್ನು 2019ರ ಮೇ ತಿಂಗಳಲ್ಲಿ ನೌಕಾಪಡೆ ಪತ್ತೆಹಚ್ಚಿದ್ದು ಮಹಾರಾಷ್ಟ್ರದ ಮಾಲ್ವಣದಾಚೆಯ ಕಡಲಡಿಯಲ್ಲಿ. ನಮ್ಮ ಹಿರಿಯರು ಡೆಕ್ಕಿನ ಮೇಲೆ ಹಾದುಬಂದ ಅದೇ ನೀರು. ಮುಂಬೈಯ ಮೀನು ಮಾರುಕಟ್ಟೆಯಲ್ಲಿ ಬಂಗುಡೆಗೆ ಚೌಕಾಸಿ ಮಾಡುವಾಗ ನಮಗೆ ನೆನಪಾಗದ ಸಂಗತಿ ಇದು. ಮಕ್ಕಳಿಗೆ ಹೆದರಿಸುವ ಹಾಗೆ ಹೇಳಬೇಡಿ, ಮುಚ್ಚಿಡಲೂ ಬೇಡಿ.

ಎಚ್ಚರದ ಒಂದೆರಡು ಮಾತನ್ನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ, ಮನ್ನಿಸಿ. ಕಾಪುವಿನ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ. ಫೋಟೊಗಾಗಿ ಅಂಚಿಗೆ ಹೋಗುವುದು, ಅಲೆಗೆ ಬೆನ್ನು ಹಾಕಿ ನಿಲ್ಲುವುದು ಖಂಡಿತ ಬೇಡ. ಜೀವರಕ್ಷಕರು ಸೀಟಿ ಊದಿದರೆ, "ನಾವು ಇದೇ ಊರಿನವರು" ಎಂದು ವಾದಿಸಬೇಡಿ. ಮುಂಬೈಗೆ ಹೋಗಿ ಬಹಳ ವರ್ಷವಾದವರಿಗೆ ಊರಿನ ಕಡಲು ಪರಿಚಿತವಲ್ಲ. ಮಹಾರಾಷ್ಟ್ರದ ಶಾಲೆಗಳು ಜೂನ್ ಮಧ್ಯದಲ್ಲಿ ತೆರೆಯುವುದರಿಂದ ನಮ್ಮಲ್ಲಿ ಅನೇಕರು ಜೂನ್ ಮೊದಲ ವಾರವೂ ಊರಿನಲ್ಲಿರುತ್ತಾರೆ. ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಎರಡು ತಿಂಗಳು ದಡದಲ್ಲಿರುವ ಕಾಲ ಅದು. ಆಗ ನೀರಿಗಿಳಿಯುವ ಯೋಚನೆ ಬಿಟ್ಟುಬಿಡಿ. ತಂದ ಬಾಟಲಿ, ಕುರ್‌ಕುರೆಯ ಚೀಲ ನಿಮ್ಮ ಜೊತೆಗೇ ಹಿಂದಿರುಗಲಿ. ಗೋಪುರದ ಗೋಡೆಯ ಮೇಲೆ ಹೆಸರು ಗೀಚುವ ಕೈ ನಮ್ಮ ಮನೆಯ ಮಗುವಿನದಾಗದಿರಲಿ.

ಊರಿನಿಂದ ಮರಳಿದ ಮೇಲೆ ಈ ತುದಿಯ ದೀಪವನ್ನೂ ನೋಡಬೇಕು. ಪ್ರಾಂಗ್ಸ್‌ಗೆ ಹೋಗುವುದು ಸುಲಭವಲ್ಲ. ಆದರೆ ಅಲಿಬಾಗಿನ ಬಳಿ ಥಳ್ ಎಂಬ ಹಳ್ಳಿಯ ದಡದಲ್ಲಿ ನಿಂತರೆ ಖಾಂದೇರಿ ಕಾಣುತ್ತದೆ. ನವಿಮುಂಬೈಯವರಿಗೆ ಅದು ಭಾನುವಾರದ ದಾರಿ. ಶಿವಾಜಿ ಮಹಾರಾಜರು 1679ರಲ್ಲಿ ಇಂಗ್ಲಿಷರ ಮತ್ತು ಜಂಜಿರದ ಸಿದ್ದಿಗಳ ವಿರೋಧವನ್ನು ಎದುರಿಸಿ ಕೋಟೆ ಕಟ್ಟಿಸಲು ಹೊರಟ ದ್ವೀಪ ಅದು. ಕೋಳಿ ಬೆಸ್ತರು ನಡೆದುಕೊಳ್ಳುವ ವೇತಾಳನ ಗುಡಿ ಅಲ್ಲಿದೆ. 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮರಾಠಾ ಕೋಟೆಗಳಲ್ಲಿ ಖಾಂದೇರಿಯೂ ಒಂದು. ದ್ವೀಪಕ್ಕೆ ಹೋಗುವುದಾದರೆ ಅನುಮತಿಯ ಬಗ್ಗೆ, ದೋಣಿಯ ಬಗ್ಗೆ ಮೊದಲೇ ವಿಚಾರಿಸಿ. ಠಾಣೆಯ ಮಕ್ಕಳಿಗೆ ಚೆಂದನಿ ಕೋಳಿವಾಡದ ಸಹಪಾಠಿಗಳಿರುತ್ತಾರೆ, ಅವರ ಮನೆಯ ಹಿರಿಯರಲ್ಲಿ ಖಾಂದೇರಿಯ ಕತೆ ಕೇಳಿ ಬರಲಿ, ನಮ್ಮ ಕಾಪುವಿನ ಕತೆ ಹೇಳಿ ಬರಲಿ. ಮರಾಠಿಯಲ್ಲಿ ಹೇಳಿದರೂ ಸಂತೋಷವೇ.

ಇನ್ನೊಂದು ಕೆಲಸ ತುರ್ತಿನದು. ಹಡಗಿನಲ್ಲಿ ಮುಂಬೈಗೆ ಬಂದವರು ಈಗ ಬಹಳ ಮಂದಿ ಉಳಿದಿಲ್ಲ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಅಂಥವರೊಬ್ಬರಿದ್ದರೆ ಮಗುವನ್ನು ಅವರ ಪಕ್ಕದಲ್ಲಿ ಕೂರಿಸಿ. ಯಾವ ಬಂದರಿನಿಂದ ಹತ್ತಿದಿರಿ, ಟಿಕೆಟಿಗೆ ಎಷ್ಟಾಯಿತು, ದಾರಿಯಲ್ಲಿ ಏನು ತಿಂದಿರಿ, ರಾತ್ರಿ ಏನು ಕಂಡಿತು, ಮುಂಬೈಯಲ್ಲಿ ಇಳಿದಾಗ ಕರೆದೊಯ್ಯಲು ಬಂದವರು ಯಾರು ಎಂದು ಕೇಳಲಿ. ಮೊಬೈಲಿನಲ್ಲಿ ದನಿಯನ್ನು ಹಿಡಿದಿಡಲಿ. ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ, ಅವರಿಗೆ ಯಾವುದು ಬಾಯಿಗೆ ಬರುತ್ತದೋ ಅದರಲ್ಲೇ ಮಾತಾಡಲಿ. ನಮ್ಮ ಕನ್ನಡ ಸಂಘಗಳಲ್ಲಿ, ಜಾತಿ ಸಂಘಗಳಲ್ಲಿ ಹುದ್ದೆಯಲ್ಲಿರುವ ಬಂಧುಗಳಲ್ಲೂ ಇದೇ ವಿನಂತಿ. ವಾರ್ಷಿಕೋತ್ಸವದಲ್ಲಿ ಹಾರ, ಶಾಲು, ಸ್ಮರಣಿಕೆಗಳಿಗೆ ಕೊಡುವ ಸಮಯದಿಂದ ಅರ್ಧ ಗಂಟೆ ಮಕ್ಕಳಿಗೆ ಬಿಟ್ಟುಕೊಡಿ. ಕಾಪುವಿನಲ್ಲಿ ಎಣಿಸಿ ತಂದದ್ದನ್ನು, ಅಜ್ಜನಿಂದ ಕೇಳಿ ಬರೆದದ್ದನ್ನು ಅವರು ವೇದಿಕೆಯಲ್ಲಿ ಓದಲಿ. ಆ ಧ್ವನಿಮುದ್ರಣಗಳನ್ನು ಒಂದೆಡೆ ಕೂಡಿಡುವ ಜವಾಬ್ದಾರಿಯನ್ನು ಸಂಘದ ಗ್ರಂಥಾಲಯ ಹೊತ್ತುಕೊಳ್ಳಲಿ.

ನನ್ನ ಅಭಿಪ್ರಾಯದಲ್ಲಿ ಮೇ ತಿಂಗಳಿಗಿಂತ ದೀಪಾವಳಿ ರಜೆಯೇ ಇದಕ್ಕೆ ಒಳ್ಳೆಯದು. ಮಳೆ ತೊಳೆದ ಆಕಾಶ ಸ್ವಚ್ಛವಾಗಿರುತ್ತದೆ, ಕತ್ತಲೂ ಬೇಗ ಆಗುತ್ತದೆ, ಸಣ್ಣ ಮಕ್ಕಳು ನಿದ್ದೆ ತೂಗುವ ಮೊದಲೇ ದೀಪ ನೋಡಬಹುದು. ರೈಲು ಟಿಕೆಟಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಶಾಲೆಯಿಂದ ರಜೆಯ ದಿನಾಂಕ ತಿಳಿದ ಕೂಡಲೇ ಟಿಕೆಟ್ ಮಾಡಿಸಿ, ಊರಿನ ನೆಂಟರಿಗೆ ಫೋನ್ ಮಾಡುವಾಗ ಒಂದು ಸಂಜೆಗೆ ಊಟದ ಕರೆಯೋಲೆ ಬೇಡವೆಂದು ಈಗಲೇ ಹೇಳಿಬಿಡಿ.

ಇತಿ ತಮ್ಮ ವಿಶ್ವಾಸಿ,
ಕಾಪುವಿನ ಪೊಲಿಪು ಮೂಲದ ಒಬ್ಬ ಹಿರಿಯ ನಾಗರಿಕ
ವಾಗ್ಳೆ ಎಸ್ಟೇಟ್, ಠಾಣೆ